ಸಾಹಸಕಥೆಯ ಹುಡುಗ, ಇತಿಹಾಸದ ಹುಡುಗರು

ಶ್ರೀರಂಗಪಟ್ಟಣದ ಕೋಟೆಯೊಳಗೆ ಕರ್ನಲ್ ಬೈಲಿಯ ಬಂದೀಖಾನೆ ಇದೆ. 1780ರ ಪೊಳ್ಳಿಲೂರು ಕದನದಲ್ಲಿ ಹೈದರ್ ಮತ್ತು ಟಿಪ್ಪು ಸೇನೆಗೆ ಸೆರೆಸಿಕ್ಕ ವಿಲಿಯಂ ಬೈಲಿ 1782ರಲ್ಲಿ ಇದೇ ಊರಿನಲ್ಲಿ ಸತ್ತ. ಆತನೊಡನೆ ಸೆರೆಯಾದ ಡೇವಿಡ್ ಬೇರ್ಡ್ ಬಿಡುಗಡೆ ಹೊಂದಿ, 1799ರ ಮೇ 4ರಂದು ಇದೇ ಕೋಟೆಗೆ ಲಗ್ಗೆ ಇಟ್ಟ ಪಡೆಯ ಮುಂದಾಳಾದ. ಇಂಗ್ಲೆಂಡಿನಲ್ಲಿ ಮೈಸೂರಿನ ಸೆರೆವಾಸದ ನೆನಪುಗಳು ಪುಸ್ತಕಗಳಾದವು. ನೂರು ವರ್ಷ ಕಳೆಯುವ ಹೊತ್ತಿಗೆ ಅವು ಮಕ್ಕಳ ಕಥೆಯೂ ಆದವು.

ಜಿ.ಎ. ಹೆಂಟಿ (1832–1902) ಬರೆದ ‘ದಿ ಟೈಗರ್ ಆಫ್ ಮೈಸೂರ್’ ಪ್ರಕಟವಾದದ್ದು 1896ರಲ್ಲಿ. ಮೈಸೂರಿನಲ್ಲಿ ಸೆರೆಯಾದ ತಂದೆಯನ್ನು ಹುಡುಕಿ ಬರುವ ಡಿಕ್ ಹಾಲೆಂಡ್ ಎಂಬ ಬಾಲಕ ಇದರ ನಾಯಕ. ಹೆಂಟಿಯ ಸೂತ್ರ ಸರಳ. ನಾಯಕ ಧೀರ, ಸತ್ಯವಂತ, ಇಂಗ್ಲಿಷಿನವ, ಟಿಪ್ಪು ಕ್ರೂರಿ. ಇಂಥ ಪುಸ್ತಕಗಳು ಅಲ್ಲಿ ಶಾಲೆಗಳಲ್ಲಿ ಬಹುಮಾನವಾಗಿ ಹಂಚಿಕೆಯಾಗುತ್ತಿದ್ದವು. ಸಾಮ್ರಾಜ್ಯದ ಪಾಠ ಹೀಗೆ ಕಥೆಯ ರೂಪದಲ್ಲಿ ಮನೆಮನೆ ಸೇರಿತು.

ಸಾಮ್ರಾಜ್ಯ ಕರಗಿದ ಮೇಲೆ ಇದೇ ಸೂತ್ರ ನಗೆಗೆ ವಸ್ತುವಾಯಿತು. ಮೈಕೇಲ್ ಪಾಲಿನ್ ಮತ್ತು ಟೆರಿ ಜೋನ್ಸ್ ಬರೆದ ‘ರಿಪ್ಪಿಂಗ್ ಯಾರ್ನ್ಸ್’ ಸರಣಿಯ ಒಂಬತ್ತು ಕಥೆಗಳು 1976ರಿಂದ 1979ರವರೆಗೆ ಬಿಬಿಸಿಯಲ್ಲಿ ಪ್ರಸಾರವಾದವು. ಹಳೆಯ ಸಾಹಸಕಥೆಗಳ ಗತ್ತು, ಗಾಂಭೀರ್ಯಗಳೆಲ್ಲ ಹಾಗೆಯೇ ಇವೆ. ಒಳಗಿನ ಹುರುಳು ಮಾತ್ರ ತಲೆಕೆಳಗು. ಭಾರತದಲ್ಲಿ ನಡೆಯುವ ‘ರೋಜರ್ ಆಫ್ ದಿ ರಾಜ್’ (1979) ಕಥೆಯಲ್ಲಿ ಸೇನಾಧಿಕಾರಿಗಳು ಊಟದ ಮೇಜಿನ ಮದ್ಯವನ್ನು ತಪ್ಪು ದಿಕ್ಕಿಗೆ ದಾಟಿಸಿದ ಅವಮಾನ ತಾಳಲಾರದೆ ಹೊರಗೆ ಹೋಗಿ ಗುಂಡು ಹಾರಿಸಿಕೊಳ್ಳುತ್ತಾರೆ. ಧೀರತನದ ಡೌಲು ಎಷ್ಟು ಪೊಳ್ಳು ಎಂಬುದನ್ನು ಇಂಗ್ಲಿಷರೇ ಆಡಿ ತೋರಿಸಿದರು.

ಆದರೆ ನಗೆ ಮುಟ್ಟದ ಒಂದು ಸಂಗತಿ ಶ್ರೀರಂಗಪಟ್ಟಣದಲ್ಲಿ ಉಳಿದಿದೆ. 1792ರ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು. ಒತ್ತೆಯಾಗಿ ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್ ಎಂಬ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒಪ್ಪಿಸಿದ. ಅವರು ಮದರಾಸಿನಿಂದ ತಂದೆಯ ಬಳಿ ಮರಳಿದ್ದು 1794ರಲ್ಲಿ. ಇಂಗ್ಲಿಷ್ ಚಿತ್ರಕಾರರು ಈ ಪ್ರಸಂಗವನ್ನು ಕಾರ್ನ್‌ವಾಲಿಸನ ಔದಾರ್ಯದ ದೃಶ್ಯವಾಗಿ ಬಿಡಿಸಿದರು.

ಹೆಂಟಿಯ ಕಥೆಯಲ್ಲಿ ತಂದೆಗಾಗಿ ಮಗ ಸಮುದ್ರ ದಾಟಿ ಬರುತ್ತಾನೆ. ಇತಿಹಾಸದಲ್ಲಿ ತಂದೆಯ ಸೋಲಿಗಾಗಿ ಮಕ್ಕಳು ಕೋಟೆ ಬಿಟ್ಟು ಹೋದರು. ಬಹುಮಾನದ ಪುಸ್ತಕ ಓದಿ ಬೆಳೆದವರಿಗೆ ಡಿಕ್ ಹಾಲೆಂಡನ ಪರಿಚಯವಿತ್ತು. ಆನೆಯೇರಿ ಶತ್ರುವಿನ ಪಾಳೆಯಕ್ಕೆ ಹೋದ ಈ ಇಬ್ಬರು ಹುಡುಗರ ಕಥೆಯನ್ನು ಹೇಳುವ ಹೊಣೆ ಕೋಟೆಯ ಈಚೆಗಿರುವವರದು.