ಯಾದೃಚ್ಛಿಕ ಅನುರಣನ

ಗ್ರಾಹಕಕೋಶವೊಂದರ ಉದ್ರೇಕದ ಹೊಸ್ತಿಲನ್ನು ತಾನಾಗಿ ಮುಟ್ಟಲಾರದಷ್ಟು ಕ್ಷೀಣವಾದ ಸಂಜ್ಞೆಯು, ಮಿತವಾದ ಗೊಂದಲದ (ಅಕ್ರಮ ಏರಿಳಿತಗಳ) ನೆರವಿನಿಂದ ಅದನ್ನು ದಾಟಿ ಗೋಚರವಾಗುವ ವಿದ್ಯಮಾನ. ಗೊಂದಲ ತೀರ ಕಡಮೆಯಾದರೆ ಸಂಜ್ಞೆ ಹೊಸ್ತಿಲ ಕೆಳಗೇ ಉಳಿಯುತ್ತದೆ, ಮಿತಿಮೀರಿದರೆ ಮುಳುಗಿಹೋಗುತ್ತದೆ. 1981ರಲ್ಲಿ ಇಟಲಿಯ ಬೆಂಝಿ, ಸುಟೇರಾ, ವುಲ್ಪಿಯಾನಿ ಎಂಬವರು ಇದನ್ನು ಮಂಡಿಸಿದುದು, ಜೀವಿಗಳಿಗೆ ಸಂಬಂಧವೇ ಇಲ್ಲದ ಹಿಮಯುಗಗಳ ಆವರ್ತನೆಯನ್ನು ವಿವರಿಸಲೋಸುಗ ಎಂಬುದು ವಿನೋದದ ಸಂಗತಿ.

ಮಧುಗಿರಿ, ಪಾವಗಡದ ಕಡಲೆಕಾಯಿ ಹೊಲಗಳಲ್ಲಿ ಮುಚ್ಚಂಜೆಯಾದೊಡನೆ ದನಿಯೆತ್ತುವ ಚಿಮ್ಮಂಡೆಯನ್ನೇ ನಿದರ್ಶನವಾಗಿ ಕೊಳ್ಳಬಹುದು. ಅದರ ಹಿಂತುದಿಯ ಎರಡು ಕವಲುಗಳ ಮೇಲೆ ನೂರಾರು ನವಿರಾದ ರೋಮಗಳಿದ್ದು, ಒಂದೊಂದರ ಬುಡದಲ್ಲಿಯೂ ಒಂದು ನರಕೋಶವಿದೆ. ಕಪ್ಪೆಯೊ ಹಲ್ಲಿಯೊ ಎರಗುವ ಮುನ್ನ ಅಲುಗುವ ಗಾಳಿ ಈ ರೋಮಗಳನ್ನು ಬಾಗಿಸುತ್ತದೆ. ಕೋಶಗಳ ತಂತುಗಳೆಲ್ಲ ಉದರದ ಕೊನೆಯ ನರಗ್ರಂಥಿಯಲ್ಲಿ ಕೆಲವೇ ನರಕೋಶಗಳನ್ನು ಬಂದು ಕೂಡುವುದರಿಂದ, ಒಂದೊಂದರ ಸ್ವಂತ ಗೊಂದಲವು ಬಹುಮಟ್ಟಿಗೆ ಪರಸ್ಪರ ಕಳೆದುಹೋಗಿ, ಎಲ್ಲಕ್ಕೂ ಸಮಾನವಾದ ಗಾಳಿಯ ಸುಳಿವು ಮೊತ್ತದಲ್ಲಿ ನಿಲ್ಲುತ್ತದೆ. ಹೀಗೆ ಅನೇಕ ಘಟಕಗಳು ಕೂಡಿದಲ್ಲಿ ಗೊಂದಲದ ಪ್ರಮಾಣ ಕರಾರುವಾಕ್ಕಾಗಿರಬೇಕಾದ ಅಗತ್ಯವಿಲ್ಲವೆಂದು 1995ರಲ್ಲಿ ಕಾಲಿನ್ಸ್, ಚೌ, ಇಮ್‌ಹಾಫ್ ಮಾದರಿಯೊಂದರಿಂದ ತೋರಿಸಿದರು. ಮರುವರ್ಷ ಲೆವಿನ್ ಮತ್ತು ಮಿಲ್ಲರ್, ಚಿಮ್ಮಂಡೆಯ ಮೇಲೆ ಹಾಯಿಸಿದ ಮಂದವಾದ ಗಾಳಿಗೆ ಅಕ್ರಮ ಕಂಪನವನ್ನು ಬೆರೆಸಿ, ನರಗಳು ಸಾಗಿಸುವ ಮಾಹಿತಿ ಅದರಿಂದ ಹೆಚ್ಚುವುದನ್ನು ಅಳೆದರು.

ಕಶೇರುಕಗಳ ಒಳಗಿವಿಯ ರೋಮಕೋಶಗಳಲ್ಲಿಯೂ ಇಂಥ ಕೂಟವುಂಟು. ಆದರೆ ಅಲ್ಲಿ ಅನೇಕ ಕಡೆ ಕೂಡಿಕೆ ನರಗಳನ್ನು ತಲಪುವ ಮುನ್ನವೇ ಆಗುತ್ತದೆ: ಮೇಲೆ ಹಾಸಿದ ಲೋಳೆಯಂಥ ಪೊರೆಯೇ ನೆರೆಯ ರೋಮಗುಚ್ಛಗಳನ್ನು ಒಂದಕ್ಕೊಂದು ಹೆಣೆದಿರುತ್ತದೆ.