ಪದ ಪರಿಚಯ: ವಚನ

ಸಂಸ್ಕೃತದ ‘ವಚ್’, ಅಂದರೆ ನುಡಿ, ಎಂಬ ಧಾತುವಿನಿಂದ ಬಂದ ಪದ. ಕನ್ನಡದಲ್ಲಿ ಇದು ಕೊಟ್ಟ ಮಾತೂ ಹೌದು, ಏಕವಚನ–ಬಹುವಚನವೂ ಹೌದು, ಶರಣರ ರಚನೆಯೂ ಹೌದು. ಕನ್ನಡ ಬೈಬಲ್ ಓದುವವರಿಗೆ ಮಾತ್ರ ಅಧ್ಯಾಯದೊಳಗಿನ ಅಂಕಿ ಹಚ್ಚಿದ ಸಣ್ಣ ತುಣುಕು.

ಶರಣರ ವಚನ ತನ್ನಷ್ಟಕ್ಕೆ ಪೂರ್ಣ. ಬೈಬಲಿನ ವಚನ ಹಾಗಲ್ಲ. ಹೊಸ ಒಡಂಬಡಿಕೆಗೆ ಇಂದಿನ ವಚನಸಂಖ್ಯೆಗಳನ್ನು ಕೊಟ್ಟವನು ಮುದ್ರಕ ರೋಬೇರ್ ಎಸ್ತಿಯೆನ್, 1551ರಲ್ಲಿ. ಪ್ರಯಾಣದ ನಡುವೆ ಈ ಕೆಲಸ ಮಾಡಿದನೆಂದು ಮಗನೇ ಬರೆದಿದ್ದಾನೆ. ಕೆಲವೆಡೆ ವಾಕ್ಯ ತುಂಡಾದದ್ದು ಕುದುರೆ ಎಡವಿದ್ದರಿಂದ ಎಂಬ ಕುಚೋದ್ಯವೂ ಉಂಟು. ಪೌಲನ ಪತ್ರಗಳಲ್ಲಿ ಇಂಥ ಅಂಕಿಗಳಿರಲಿಲ್ಲ.

ಹುಡುಕಲು ಅನುಕೂಲ, ಕಿತ್ತು ತೆಗೆಯಲೂ ಅಷ್ಟೇ ಅನುಕೂಲ. ಯೆರೆಮೀಯ 29:11 ಕ್ಯಾಲೆಂಡರು, ಶುಭಾಶಯ ಪತ್ರಗಳ ಅಚ್ಚುಮೆಚ್ಚಿನ ವಚನ: ದೇವರು ನಿಮಗೆ ಒಳ್ಳೆಯ ಭವಿಷ್ಯ ಯೋಚಿಸಿದ್ದಾನೆ ಎಂಬ ಭರವಸೆ. ಆದರೆ ಅದು ಬಾಬೆಲಿಗೆ ಸೆರೆಹೋದ ಜನರಿಗೆ ಬರೆದ ಪತ್ರದ ಸಾಲು. ಹಿಂದಿನ ವಚನದಲ್ಲೇ ಎಪ್ಪತ್ತು ವರ್ಷದ ಗಡುವಿದೆ. ಐದನೆಯದರಲ್ಲಿ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ ಎಂಬ ಸೂಚನೆ. ಕೇಳಿದವರಲ್ಲಿ ಎಷ್ಟೋ ಮಂದಿ ಊರಿಗೆ ಮರಳುವಂತಿರಲಿಲ್ಲ. ಕ್ಯಾಲೆಂಡರಿನಲ್ಲಿ ಹತ್ತನೆಯ ವಚನ ಅಚ್ಚಾಗುವುದೇ ಇಲ್ಲ.