ಬ್ಲಾಕ್‌ಚೈನ್ ಬಂದ್ರೆ ಲಂಚ ನಿಲ್ಲುತ್ತಾ? ಪೀಣ್ಯ, ವೈಟ್‌ಫೀಲ್ಡ್ ಉದ್ಯಮಿಗಳು ತಿಳಿದಿರಬೇಕಾದ ಸಂಗತಿಗಳು

ಪೀಣ್ಯದ ಸಣ್ಣ ಕಾರ್ಖಾನೆ ವಿದೇಶದಿಂದ ಒಂದು ಯಂತ್ರ ತರಿಸಿದರೂ ಅದರ ಹಿಂದೆ ಕಾಗದಗಳ ದೊಡ್ಡ ಕಟ್ಟೇ ಇರುತ್ತೆ. ಪರ್ಚೇಸ್ ಆರ್ಡರ್, ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್, ವಿಮೆ, ಬ್ಯಾಂಕಿನ ಎಲ್‌ಸಿ, ಕೊನೆಗೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ. ವೈಟ್‌ಫೀಲ್ಡ್ ಕಂಟೇನರ್ ಡಿಪೋದಿಂದ ಸರಕು ಹೊರಬರೋದು ಇಷ್ಟೂ ಸರಿಹೋದ ಮೇಲೆ. ಇಲ್ಲಿ ಭ್ರಷ್ಟಾಚಾರಕ್ಕೆ ಎರಡು ದಾರಿ: ಕಾಗದ ತಿದ್ದೋದು, ಕಾಗದ ತಡೆಹಿಡಿಯೋದು.

ಏನಿದು ಬ್ಲಾಕ್‌ಚೈನ್?

ಅಂಗಡಿಯ ಉದ್ರಿ ಪುಸ್ತಕ ಒಬ್ಬರ ಕೈಲಿದ್ದರೆ ಅವರು ಯಾವಾಗ ಬೇಕಾದರೂ ತಿದ್ದಬಹುದು. ಅದೇ ಪುಸ್ತಕದ ಪ್ರತಿ ಗಿರಾಕಿ, ಸಗಟು ವ್ಯಾಪಾರಿ, ಬ್ಯಾಂಕ್ ಎಲ್ಲರ ಬಳಿಯೂ ಇದ್ದರೆ? ಒಂದು ಕಡೆ ತಿದ್ದಿದರೆ ಉಳಿದ ಪ್ರತಿಗಳು ತಾಳೆಯಾಗಲ್ಲ. ಜೊತೆಗೆ ಪ್ರತಿ ಪುಟದಲ್ಲೂ ಹಿಂದಿನ ಪುಟದ ಗುರುತು ಇರುವುದರಿಂದ ನಡುವಿನ ಪುಟ ಬದಲಿಸಿದರೂ ಗೊತ್ತಾಗುತ್ತೆ. ಬ್ಲಾಕ್‌ಚೈನ್ ಅಂದರೆ ಇಷ್ಟೇ.

ಎಲೆಕ್ಟ್ರಾನಿಕ್ ಸಿಟಿಯ ಪಾಲು

2016ರ ಅಕ್ಟೋಬರ್‌ನಲ್ಲಿ ಐಸಿಐಸಿಐ ಬ್ಯಾಂಕ್ ಮತ್ತು ದುಬೈನ ಎಮಿರೇಟ್ಸ್ ಎನ್‌ಬಿಡಿ ಬ್ಯಾಂಕ್ ಆಮದು ವ್ಯವಹಾರದ ಕಾಗದಪತ್ರಗಳನ್ನು ಬ್ಲಾಕ್‌ಚೈನ್ ಮೂಲಕ ಪ್ರಾಯೋಗಿಕವಾಗಿ ವಿನಿಮಯ ಮಾಡಿಕೊಂಡವು. ಇದಕ್ಕೆ ತಂತ್ರಜ್ಞಾನ ಕೊಟ್ಟಿದ್ದು ಇನ್ಫೋಸಿಸ್‌ನ ಅಂಗಸಂಸ್ಥೆ ಎಡ್ಜ್‌ವರ್ವ್. 2018ರಲ್ಲಿ ಏಳು ಬ್ಯಾಂಕುಗಳು ಸೇರಿ ಇನ್ಫೋಸಿಸ್ ಫಿನಾಕಲ್‌ನ 'ಇಂಡಿಯಾ ಟ್ರೇಡ್ ಕನೆಕ್ಟ್' ಜಾಲ ಶುರುಮಾಡಿದವು.

ಇದರ ಅಗತ್ಯ ಏನೆಂಬುದನ್ನು ಅದೇ ವರ್ಷ ಫೆಬ್ರವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣ ತೋರಿಸಿತು. ಮುಂಬೈ ಶಾಖೆಯಿಂದ ವಿದೇಶಿ ಶಾಖೆಗಳಿಗೆ ಸ್ವಿಫ್ಟ್ ಮೂಲಕ ಖಾತರಿ ಪತ್ರಗಳು ಹೋಗಿದ್ದವು, ಆದರೆ ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ಅವು ದಾಖಲಾಗಿರಲಿಲ್ಲ. ಆಗ ಬ್ಯಾಂಕ್ ಹೇಳಿದ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಎಲ್ಲರಿಗೂ ಕಾಣುವ ಒಂದೇ ಲೆಕ್ಕ ಇದ್ದಿದ್ದರೆ ಈ ವ್ಯತ್ಯಾಸ ವರ್ಷಗಟ್ಟಲೆ ಅಡಗಿಕೊಳ್ಳೋದು ಕಷ್ಟವಿತ್ತು.

ಎಲ್ಲಿ ಕೈಕೊಡುತ್ತೆ?

ಮೊದಲೇ ಸುಳ್ಳು ಬರೆದರೆ ಆ ಸುಳ್ಳು ಅಳಿಸಲಾಗದಂತೆ ಉಳಿಯುತ್ತೆ, ನಿಜವಾಗಲ್ಲ. ಮೇಜಿನ ಕೆಳಗೆ ಕೊಟ್ಟ ನಗದು ಯಾವ ಲೆಕ್ಕಕ್ಕೂ ಬರಲ್ಲ. ಇನ್ನೊಂದು ತೊಡಕು, ಎಲ್ಲರೂ ಸೇರಬೇಕು. ಮೆರ್ಸ್ಕ್ ಮತ್ತು ಐಬಿಎಂ 2018ರಲ್ಲಿ ಹಡಗು ಸಾಗಣೆಗೆಂದು ತಂದ 'ಟ್ರೇಡ್‌ಲೆನ್ಸ್' ಅನ್ನು ಮುಚ್ಚುವುದಾಗಿ 2022ರ ನವೆಂಬರ್‌ನಲ್ಲಿ ಪ್ರಕಟಿಸಿದವು. ಇಡೀ ಉದ್ಯಮದ ಸಹಕಾರ ಸಿಗಲಿಲ್ಲ ಅನ್ನೋದೇ ಕಾರಣ.

ಬೆಂಗಳೂರಲ್ಲೇ ಶುರುವಾದ ಇನ್ನೊಂದು ದಾರಿ

ಕಾಗದ ತಡೆಹಿಡಿಯೋದಕ್ಕೆ ಮದ್ದು ಬೇರೆ. 2020ರ ಜೂನ್ 8ರಿಂದ ಬೆಂಗಳೂರು ಮತ್ತು ಚೆನ್ನೈ ಕಸ್ಟಮ್ಸ್‌ನಲ್ಲಿ 'ಫೇಸ್‌ಲೆಸ್ ಅಸೆಸ್‌ಮೆಂಟ್' ಜಾರಿಯಾಯಿತು. ಮೊದಲು ಯಂತ್ರೋಪಕರಣ ಮತ್ತು ವಿದ್ಯುತ್ ಸಾಮಗ್ರಿಗೆ, ಅದೇ ಅಕ್ಟೋಬರ್ 31ರ ಹೊತ್ತಿಗೆ ದೇಶಾದ್ಯಂತ. ಇಲ್ಲಿ ಸಲ್ಲಿಸಿದ ಬಿಲ್ ಆಫ್ ಎಂಟ್ರಿಯನ್ನು ಬೇರೆ ಊರಿನ ಅಧಿಕಾರಿ ಪರಿಶೀಲಿಸಬಹುದು. ಆಮದುದಾರರಿಗೆ ಅವರ ಮುಖಪರಿಚಯ ಇರಲ್ಲ. ಇದಕ್ಕೆ ಬ್ಲಾಕ್‌ಚೈನ್ ಬೇಕಾಗಲಿಲ್ಲ. ಆದರೆ ಸರಕನ್ನು ತೆರೆದು ನೋಡುವ ಕೆಲಸ ಈಗಲೂ ಸ್ಥಳದಲ್ಲೇ ನಡೆಯುತ್ತೆ.

ಗಮನದಲ್ಲಿರಲಿ

* 2018ರ ಜುಲೈ 26ರಿಂದ ಜಾರಿಯಲ್ಲಿರುವ ತಿದ್ದುಪಡಿ ಪ್ರಕಾರ ಲಂಚ ಕೊಡುವುದೂ ಅಪರಾಧ. 7 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.
* ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು.
* ಏಜೆಂಟ್ ಮೂಲಕ ಕೊಟ್ಟರೂ ಅಪರಾಧವೇ. ಬಿಲ್‌ನಲ್ಲಿ 'ಇತರೆ ಖರ್ಚು' ಅಂತಿದ್ದರೆ ರಸೀದಿ ಕೇಳಿ.
* ಫೈಲ್ ಎಲ್ಲಿ ನಿಂತಿದೆ ಅಂತ ಐಸ್‌ಗೇಟ್ ಪೋರ್ಟಲ್‌ನಲ್ಲಿ ನೋಡಿ, ದಿನಾಂಕ ಸಮೇತ ದಾಖಲೆ ಇಟ್ಟುಕೊಳ್ಳಿ.
* ಕಸ್ಟಮ್ಸ್ ಕೇಂದ್ರದ ಇಲಾಖೆ, ದೂರು ಸಿಬಿಐಗೆ. ರಾಜ್ಯದ ಕಚೇರಿಗಳ ದೂರು ಲೋಕಾಯುಕ್ತಕ್ಕೆ.